ಓದಿದವಳ ಹೆಸರಿಗೆ ಬಂದ ನೋಟಿಸು

ವಿಚಾರಣೆ ನಡೆಸಲಿರುವ ಮಾನ್ಯ ಅಧಿಕಾರಿಗಳೇ,

ತಾವು ತಪ್ಪು ಮನುಷ್ಯರಿಗೆ ನೋಟಿಸು ಕಳಿಸಿದ್ದೀರಿ. ಕಲ್ಲಿನ ಕಥೆಯನ್ನು ಬರೆದವನು ನಾನು. ತಾವು ಬರುವ ಗುರುವಾರ ಹನ್ನೊಂದು ಗಂಟೆಗೆ ಖುದ್ದು ಹಾಜರಾಗಲು ಕರೆದಿರುವ ಹೇಮಾ, ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಹೆಣ್ಣುಮಗಳು, ಅದನ್ನು ಬರೀ ಓದಿದವಳು. ಇಂಗ್ಲಿಷಿನಲ್ಲಿ ಹೇಳುವುದಾದರೆ, ರೀಡರ್ ಈಸ್ ನಾಟ್ ದಿ ರೈಟರ್. ಇದರ ಮುಂದೆ ‘ಹೆನ್ಸ್’ ಬರಬೇಕೋ ‘ದೇರ್‌ಫೋರ್’ ಬರಬೇಕೋ ಮರೆತಿದ್ದೇನೆ. ಬಿ.ಎ. ಎರಡನೇ ವರ್ಷದ ಇಂಗ್ಲಿಷ್ ಪೇಪರು ನನಗೆ ಎರಡು ಸಲ ಕೈಕೊಟ್ಟಿತ್ತು. ಆದರೆ ಇಷ್ಟು ತಿಳಿಯಲು ಆ ಪೇಪರು ಪಾಸಾಗಬೇಕಿಲ್ಲ ಎಂದು ಭಾವಿಸಿದ್ದೇನೆ.

ನಮ್ಮ ಬಳಗದ ಬಗ್ಗೆ ತಮ್ಮ ಕಚೇರಿಗೆ ನಮಗಿಂತ ಹೆಚ್ಚು ಗೊತ್ತಿರುವಂತಿದೆ. ಆದರೂ ಈ ಪತ್ರವನ್ನು ಬೇರೆಯವರೂ ಓದುತ್ತಾರಾದ್ದರಿಂದ ಹೇಳುತ್ತೇನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕು ಊರುಗಳಲ್ಲಿ ಸರದಿಯಂತೆ, ಪ್ರತಿ ತಿಂಗಳ ಎರಡನೇ ಭಾನುವಾರ ನಾವು ಹನ್ನೊಂದು ಜನ ಸೇರುತ್ತೇವೆ. ನಮ್ಮಲ್ಲಿ ಕುರಿ ಸಾಕುವವರಿದ್ದಾರೆ, ಅಂಗನವಾಡಿಯವರಿದ್ದಾರೆ. ಆನೆಗೊಂದಿಯಿಂದ ಬಾಳೆನಾರಿನ ಚೀಲ ಹೆಣೆಯುವ ಹೆಣ್ಣುಮಗಳೊಬ್ಬಳು ಎರಡು ಬಸ್ಸು ಬದಲಿಸಿ ಬರುತ್ತಾಳೆ. ಹೆಸರಿಗೆ ಬರಹಗಾರರ ಬಳಗ, ಆದರೆ ಪುಸ್ತಕ ಪ್ರಕಟಿಸಿದವರು ನಮ್ಮಲ್ಲಿ ಒಬ್ಬರೇ. ಆ ಪುಸ್ತಕದ ಮುಖಪುಟದಲ್ಲಿ ಅವರ ಹೆಸರನ್ನೇ ತಪ್ಪಾಗಿ ಅಚ್ಚು ಮಾಡಿದ್ದಾರೆ.

ನಮ್ಮದೊಂದು ಪದ್ಧತಿ ಇದೆ. ಬಂದವರೆಲ್ಲ ಬಾಗಿಲಲ್ಲಿ ಇಟ್ಟ ಬಿಸ್ಕತ್ತಿನ ಡಬ್ಬಿಗೆ ತಮ್ಮ ಬರಹ ಮಡಚಿ ಹಾಕಬೇಕು. ಹಾಕದವರಿಗೆ ಒಳಗೆ ಪ್ರವೇಶವಿಲ್ಲ. ಹಾಳೆಯ ಮೇಲೆ ಹೆಸರು ಬರೆಯುವಂತಿಲ್ಲ, ತಮ್ಮದನ್ನು ತಾವು ಓದುವಂತಿಲ್ಲ. ಡಬ್ಬಿಯಿಂದ ಬಂದದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಮಾತಾಡುತ್ತಾರೆ, ಬೈಯುವವರು ಬೈಯುತ್ತಾರೆ. ಬರೆದವರು ಮುಂದಿನ ತಿಂಗಳ ಸಭೆಯ ಶುರುವಿನಲ್ಲಿ ಎದ್ದು ನಿಂತು ‘ಅದು ನಂದು’ ಅನ್ನಬೇಕು. ಆಗ ರಜಿಸ್ಟರಿನಲ್ಲಿ ಅವರ ಹೆಸರು ಏರುತ್ತದೆ. ಯಾಕೆ ಈ ಕಣ್ಣಾಮುಚ್ಚಾಲೆ ಎಂದು ತಾವು ಕೇಳಬಹುದು. ಹೆಸರು ಮೊದಲೇ ಗೊತ್ತಾದರೆ ನಮ್ಮ ಕಡೆ ಮೇಷ್ಟರು ಬರೆದದ್ದಕ್ಕೆ ಹೊಗಳಿಕೆ ಸಿಗುತ್ತದೆ, ಕುರಿ ಕಾಯುವವನು ಬರೆದದ್ದಕ್ಕೆ ಕರುಣೆ ಸಿಗುತ್ತದೆ, ಹೆಂಗಸು ಬರೆದದ್ದಕ್ಕೆ ‘ಗಂಡ ಏನಂದ’ ಎಂಬ ಪ್ರಶ್ನೆ ಸಿಗುತ್ತದೆ. ಬರಹಕ್ಕೆ ಏನೂ ಸಿಗುವುದಿಲ್ಲ. ಅದಕ್ಕೇ ಒಂದು ತಿಂಗಳ ಮಟ್ಟಿಗೆ ಹೆಸರನ್ನು ಹೊರಗಿಟ್ಟೆವು. ಅದು ಹೀಗೆ ಇನ್ನೊಬ್ಬರ ಕುತ್ತಿಗೆಗೆ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಹೋದ ತಿಂಗಳು ಗಂಗಾವತಿಯ ಸರದಿ. ಶಬ್ಬೀರ ಎಂಬ ನಮ್ಮ ಬಳಗದವನ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರಿದ್ದೆವು. ಅಂದು ಹನ್ನೆರಡನೆಯವನೊಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಮುಖದಲ್ಲಿ ನೆನಪಿಡುವಂಥದ್ದೇನೂ ಇಲ್ಲ. ಡಬ್ಬಿಗೆ ಒಂದು ಹಾಳೆ ಹಾಕಿ ಹಿಂದೆ ಕೂತ. ಹೊಸಬರು ಬಂದರೆ ನಮಗೆ ಹಬ್ಬ. ಶಬ್ಬೀರ ಅವನಿಗೆ ಎರಡು ಸಲ ಚಹಾ ಕೊಟ್ಟ. ಅವನ ಹಾಳೆಯ ಸರದಿ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಸಭೆ ಮುಗಿದ ಮೇಲೆ ಆತ ರಜಿಸ್ಟರು ಕೈಗೆತ್ತಿಕೊಂಡು, ‘ಭಾಳ ಛಲೋ ಇಟ್ಟೀರಿ’ ಅಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ನಾವು ಹಿಗ್ಗಿದೆವು. ಶಬ್ಬೀರನಂತೂ ಆತನಿಗೆ ಕಾಣಲೆಂದು ಪುಟ ಹಿಡಿದುಕೊಂಡು ನಿಂತಿದ್ದ! ಆ ಪುಟದಲ್ಲಿ ಏನಿತ್ತು? ಶೀರ್ಷಿಕೆ: ನಡೆಯುವ ಕಲ್ಲು. ಓದಿದವರು: ಹೇಮಾ. ಬರೆದವರು: ಖಾಲಿ. ತಮ್ಮ ಕಚೇರಿ ಆ ಖಾಲಿ ಜಾಗವನ್ನು ತುಂಬಿಕೊಂಡಿತು.

ಒಂಬತ್ತನೇ ದಿನಕ್ಕೆ ನೋಟಿಸು ಬಂತು. ‘ಭೂದಾಖಲೆಗಳ ಬಗ್ಗೆ ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸುವ ಬರಹವನ್ನು ರಚಿಸಿ ವಾಚಿಸಿರುವುದು ಕಂಡುಬಂದಿರುತ್ತದೆ. ತಮ್ಮನ್ನು ಕರ್ತವ್ಯದಿಂದ ಏಕೆ ಬಿಡುಗಡೆಗೊಳಿಸಬಾರದು?’ ಯಾರಿಗೆ ಕಂಡುಬಂತು, ಸ್ವಾಮಿ? ಕಂಡವರಿಗೆ ಹೆಸರಿಲ್ಲವೇ? ಅದರ ಕೆಳಗೆ ಪ್ರಶ್ನೆಗಳು. ಸದರಿ ಕಲ್ಲು ಯಾವ ಸರ್ವೆ ನಂಬರಿನಲ್ಲಿದೆ? ಯಾವ್ಯಾವ ದಿನಾಂಕದಂದು ಸ್ಥಳಾಂತರಗೊಂಡಿತು? ಸದರಿ ಗ್ರಾಮ ಯಾವುದು? ನಲವತ್ತು ವರ್ಷ ಓದಿದ್ದೇನೆ, ಒಂದು ಕಥೆಯನ್ನು ಇಷ್ಟು ಗಂಭೀರವಾಗಿ ನಂಬಿದ ಓದುಗರನ್ನು ನಾನು ಕಂಡಿರಲಿಲ್ಲ.

ಕಥೆ ಇಷ್ಟೇ. ಹೆಸರಿಲ್ಲದ ಒಂದೂರು. ಅಲ್ಲಿನ ಒಂದು ಹೊಲದ ಮೂಲೆಯಲ್ಲಿ ಎಲ್ಲೆ ತೋರಿಸುವ ಬಾಂದುಕಲ್ಲು ಪ್ರತಿ ಅಮಾವಾಸ್ಯೆಗೆ ಒಂದು ಗೇಣು ಒಳಗೆ ಸರಿಯುತ್ತದೆ. ಯಾರೂ ಸರಿಸಿದ್ದನ್ನು ಕಂಡವರಿಲ್ಲ. ಹೊಲ ಮುಗಿದ ಮೇಲೆ ಅದು ಹಿತ್ತಲಿಗೆ ಬರುತ್ತದೆ, ಆಮೇಲೆ ಹೊಸ್ತಿಲಿಗೆ. ಕೊನೆಗೆ ಒಂದು ಬೆಳಿಗ್ಗೆ ಮನೆಯಾಕೆ ಎದ್ದು ನೋಡಿದರೆ ಒಲೆಯ ಪಕ್ಕ ನಿಂತಿದೆ. ಆಕೆ ಸುಮ್ಮನೆ ಅದರ ಸುತ್ತ ಹಾದು ರೊಟ್ಟಿ ಬಡಿಯುತ್ತಾಳೆ. ಅಷ್ಟೇ. ಇದರಲ್ಲಿ ಸರ್ಕಾರವಿಲ್ಲ, ಅಧಿಕಾರಿಯಿಲ್ಲ, ಕಂಪನಿಯಿಲ್ಲ. ಹಾಗಾದರೆ ತಮಗೇಕೆ ಗಾಬರಿ? ಈ ನಾಲ್ಕು ತಾಲೂಕುಗಳಲ್ಲಿ ಎಲ್ಲಿಯಾದರೂ ಕಲ್ಲು ನಿಜವಾಗಿಯೂ ನಡೆಯುತ್ತಿದೆಯೇ? ನನಗೆ ಗೊತ್ತಿಲ್ಲ. ತಮಗೆ ಗೊತ್ತಿದ್ದರೆ ಹೇಳಬಹುದು.

ಆ ಕಥೆ ನನ್ನ ತಲೆಯಿಂದ ಹುಟ್ಟಿದ್ದೂ ಅಲ್ಲ. ನನ್ನ ಹೆಂಡತಿ ಕಸ್ತೂರೆಮ್ಮ ತೀರಿಕೊಂಡು ಮೂರು ವರ್ಷವಾಯಿತು. ಆಕೆಯ ತವರು ಕನಕಗಿರಿಯ ಹತ್ತಿರ. ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ, ಗ್ಲೂಕೋಸ್ ಹನಿ ಎಣಿಸುತ್ತ ಮಲಗಿದ್ದವಳು ಇದ್ದಕ್ಕಿದ್ದಂತೆ ಅಂದಳು, ‘ನಮ್ಮಪ್ಪನ ಹೊಲದಾಗಿನ ಕಲ್ಲು ನಡೀತಿತ್ತು ನೋಡ್ರಿ.’

‘ಯಾರ್ ಸರಸ್ತಿದ್ರು?’ ಅಂದೆ.

‘ಯಾರೂ ಸರಸ್ತಿದ್ದಿಲ್ಲ. ಅದಕ್ಕ ಅಂಜಿಕಿ ಬರ್ತಿತ್ತು.’

‘ನಿಮ್ಮಪ್ಪ ಕಂಪ್ಲೇಂಟ್ ಕೊಡ್ಲಿಲ್ಲೇನು?’

‘ಯಾರ ಮ್ಯಾಲ ಕೊಡ್ತಾನ್ರಿ, ಕಲ್ಲಿನ ಮ್ಯಾಲ? ನೀವೊಬ್ರು. ಎಲ್ಲಾದಕ್ಕೂ ಒಂದು ಅರ್ಜಿ ಬರ್ಯಾವ್ರು.’

ಅಂದು ನಕ್ಕಳು. ಹೌದು, ಅರ್ಜಿ ಬರೆಯುವ ರೋಗ ನನಗೆ ಮೊದಲಿನಿಂದಲೂ ಇದೆ. ಬಸ್ ನಿಲ್ದಾಣದಲ್ಲಿ ನಿಯಂತ್ರಕನಾಗಿದ್ದಾಗ ಕುಡಿಯುವ ನೀರಿನ ನಳಕ್ಕಾಗಿ ಹದಿನಾಲ್ಕು ಅರ್ಜಿ ಬರೆದಿದ್ದೆ. ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ಎಂದೇ ಎಲ್ಲವೂ ಶುರುವಾಗುತ್ತಿದ್ದವು. ನಳ ಬರಲಿಲ್ಲ. ಆ ಮಾತು ಬಿಡಿ.

ಹೇಳಬೇಕಾದದ್ದನ್ನು ಹೇಳುತ್ತೇನೆ. ನೋಟಿಸು ಬಂದ ಸಂಜೆಯೇ ಅದರ ಫೋಟೋ ನಮ್ಮ ವಾಟ್ಸಾಪ್ ಗುಂಪಿಗೆ ಬಂತು. ನಾನು ಓದಿದೆ, ಮೊಬೈಲು ಮಗುಚಿಟ್ಟೆ. ನನ್ನ ಪಿಂಚಣಿಯ ನೆನಪಾಯಿತು. ಆಕೆ ಹೇಗೂ ‘ನನ್ನದಲ್ಲ’ ಅನ್ನುತ್ತಾಳೆ, ಅಲ್ಲಿಗೆ ಮುಗಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ವಾರವೇ ಶಬ್ಬೀರನ ಅಂಗಡಿಯ ಎದುರಿನ ಚಹಾದಂಗಡಿಯಲ್ಲಿ ಇಬ್ಬರು ದಿನವೂ ಕೂರತೊಡಗಿದರು. ಝೆರಾಕ್ಸಿಗೆ ಬಂದವರ ಕೈಯಲ್ಲಿನ ಕಾಗದ ನೋಡುತ್ತಾರಂತೆ. ‘ಏನೂ ಅನ್ನೂದಿಲ್ರಿ ಅವ್ರು. ನಕ್ಕೋಂತ ಸಲಾಂ ಮಾಡ್ತಾರ, ಅದ ತ್ರಾಸು’ ಅಂದ ಶಬ್ಬೀರ ಫೋನಿನಲ್ಲಿ. ಮರುದಿನದಿಂದ ಅವನು ಫೋನು ಎತ್ತುವುದನ್ನೂ ಬಿಟ್ಟ.

ಮೊನ್ನೆ ಭಾನುವಾರ ಕುಷ್ಟಗಿಯ ಸರದಿ. ನಮ್ಮಲ್ಲಿ ಹಿರಿಯರಾದ ಶಿವಲಿಂಗಮ್ಮ ಎಂಬ ನಿವೃತ್ತ ಶಿಕ್ಷಕಿಯ ಮನೆಯ ಪಡಸಾಲೆಯಲ್ಲಿ ಸಭೆ. ಶಬ್ಬೀರನೂ ಬಂದಿದ್ದ, ಯಾರ ಮುಖವನ್ನೂ ನೋಡದೆ ಡಬ್ಬಿ ಬಾಗಿಲಲ್ಲಿಟ್ಟು ಮೂಲೆ ಹಿಡಿದ. ಆ ಇಸ್ತ್ರಿ ಅಂಗಿಯವನು ನಮಗಿಂತ ಮೊದಲೇ ಹಾಳೆ ಹಾಕಿ ಕೂತಿದ್ದ. ಹೇಮಾ ಕೂಡ ಬಂದಿದ್ದಳು. ಪದ್ಧತಿಯಂತೆ ಶಿವಲಿಂಗಮ್ಮ ರಜಿಸ್ಟರು ತೆರೆದು ಕೇಳಿದರು, ‘ಹ್ವಾದ ತಿಂಗಳ ಕಲ್ಲಿನ ಕಥಿ ಯಾರದು? ಎದ್ದ್ ನಿಂದರ್ರಿ.’

ಯಾರೂ ಏಳಲಿಲ್ಲ. ಎರಡನೇ ಸಲ ಕೇಳಿದರು. ಮೂರನೇ ಸಲ ಅವರ ಧ್ವನಿ ಸಣ್ಣದಾಗಿತ್ತು. ನಾನು ನೆಲದ ಪರಸಿಕಲ್ಲಿನ ಬಿರುಕು ನೋಡುತ್ತಿದ್ದೆ. ಹೇಮಾ ಯಾರ ಕಡೆಗೂ ನೋಡಲಿಲ್ಲ.

ಶಿವಲಿಂಗಮ್ಮ ಡಬ್ಬಿ ತೆರೆದರು. ಮೊದಲ ಹಾಳೆ ಬಿಚ್ಚಿದರೆ ಖಾಲಿ. ಎರಡನೆಯದು ಖಾಲಿ. ಮೂರು, ನಾಲ್ಕು, ಎಲ್ಲ ಖಾಲಿ. ಹಾಕದಿದ್ದರೆ ಒಳಗೆ ಬಿಡುವುದಿಲ್ಲ, ಬರೆದು ಹಾಕಲು ಧೈರ್ಯವಿಲ್ಲ. ಯಾರೂ ಯಾರಿಗೂ ಹೇಳಿರಲಿಲ್ಲ, ಆದರೂ ಎಲ್ಲರೂ ಬಿಳಿ ಹಾಳೆಯನ್ನೇ ಅಂದವಾಗಿ ಮಡಚಿ ತಂದಿದ್ದರು. ನನ್ನದೂ ಬಿಳಿಯದೇ. ಶಿವಲಿಂಗಮ್ಮ ಕನ್ನಡಕ ಸರಿಪಡಿಸಿಕೊಂಡು, ‘ಭಾಳ ಸುಧಾರಿಸೀರಿ. ಒಂದು ತಪ್ಪಿಲ್ಲ ನೋಡ್ರಿ. ಇದಕ್ಕೂ ನೋಟಿಸು ಬರ್ತೈತೇನು ಕೇಳೂಣು’ ಅಂದರು.

ಕೊನೆಯ ಹಾಳೆಯಲ್ಲಿ ಮಾತ್ರ ಬರಹವಿತ್ತು. ಡಬ್ಬಿಯಿಂದ ಬಂದದ್ದನ್ನು ಓದಲೇಬೇಕೆಂಬುದು ಪದ್ಧತಿ. ಶಿವಲಿಂಗಮ್ಮ ಓದಿದರು. ಅದರಲ್ಲಿ ನಮ್ಮ ಹನ್ನೊಂದು ಜನರ ಹೆಸರುಗಳಿದ್ದವು, ಒಂದರ ಕೆಳಗೊಂದು, ದುಂಡಗಿನ ಅಕ್ಷರದಲ್ಲಿ. ಹೇಮಾಳ ಹೆಸರಿನ ಮುಂದೆ ‘ಸರ್ಕಾರಿ’ ಎಂದಿತ್ತು. ಶಬ್ಬೀರನ ಮುಂದೆ ‘ಬಾಡಿಗೆ ಅಂಗಡಿ’. ಆನೆಗೊಂದಿಯ ಹೆಣ್ಣುಮಗಳ ಮುಂದೆ ಆಕೆ ಹತ್ತುವ ಬಸ್ಸಿನ ವೇಳೆ. ಓದುತ್ತಿದ್ದ ಶಿವಲಿಂಗಮ್ಮ ತಮ್ಮ ಹೆಸರಿಗೂ ಬಂದರು: ‘ವಯಸ್ಸಾಗಿದೆ.’ ನನ್ನದು ಎಲ್ಲಕ್ಕಿಂತ ಕೊನೆಗಿತ್ತು. ಅದರ ಮುಂದೆ, ‘ಒಬ್ಬನೇ ಇರುತ್ತಾನೆ.’

ನಾನು ಹಿಂತಿರುಗಿ ನೋಡುವಷ್ಟರಲ್ಲಿ ಇಸ್ತ್ರಿ ಅಂಗಿಯವನ ಕುರ್ಚಿ ಬರಿದಾಗಿತ್ತು. ಮಾನ್ಯರೇ, ಅದನ್ನು ಬರೆದವರು ಮುಂದಿನ ತಿಂಗಳು ಯಲಬುರ್ಗಾದಲ್ಲಿ ಎದ್ದು ನಿಂತು ‘ಅದು ನಂದು’ ಅನ್ನಬೇಕು. ಬರುತ್ತಾರೆಯೇ? ತಮಗೆ ಪರಿಚಯವಿದ್ದರೆ ನೆನಪಿಸಿರಿ. ಭೀತಿ ಹುಟ್ಟಿಸುವ ಬರಹ ಯಾವುದೆಂದು ತಾವು ಹುಡುಕುತ್ತಿದ್ದೀರಲ್ಲ, ಅದು ನಮ್ಮ ಡಬ್ಬಿಯಲ್ಲೇ ಸಿಕ್ಕಿದೆ. ಜೋಪಾನವಾಗಿ ಇಟ್ಟಿದ್ದೇವೆ.

ಸೋಮವಾರ ಹೇಮಾ ನನ್ನ ಮನೆಗೆ ಬಂದಳು. ಓದಿದವರೇ ಹಾಳೆಗಳನ್ನು ಕಾಯ್ದಿಡುವುದು ರೂಢಿ. ಚೀಲದಿಂದ ನಾಲ್ಕು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ‘ಇವು ನನ್ನ ಮನ್ಯಾಗ ಇರೂದು ಬ್ಯಾಡ್ರಿ ಸರ್. ನಿಮ್ಮವು ನೀವ ಇಟ್ಕೋರಿ.’

‘ನನ್ನವು ಅಂತ ನಿನಗ ಯಾರ್ ಹೇಳಿದ್ರವ್ವಾ?’

‘ಯಲಬುರ್ಗಾ–ಕುಕನೂರು ಬಸ್ಸಿನ ವೇಳಾಪಟ್ಟಿ ಬೆನ್ನಿಗೆ ಕಥಿ ಬರದು ಹೆಸರ ಮುಚ್ಚೀನಿ ಅಂದ್ರ ಹೆಂಗ್ರಿ ಸರ್?’ ಅಂದಳು. ‘ಅವತ್ತ ಎಲ್ಲಾರಿಗೂ ಗೊತ್ತಾಗೇತಿ. ಶಿವಲಿಂಗಮ್ಮನೋರಿಗೆ ಗೊತ್ತೈತಿ, ಶಬ್ಬೀರಣ್ಣಗ ಗೊತ್ತೈತಿ.’

ನಿವೃತ್ತಿಯ ದಿನ ನಿಲ್ದಾಣದಿಂದ ತಂದ ಹಳೆಯ ವೇಳಾಪಟ್ಟಿಯ ಕಟ್ಟು ನನ್ನಲ್ಲಿದೆ. ಅದರ ಬೆನ್ನಿಗೇ ಬರೆಯುವುದು ನನ್ನ ಅಭ್ಯಾಸ. ಇಷ್ಟು ಜನಕ್ಕೆ ಗೊತ್ತಿತ್ತು, ಒಬ್ಬರೂ ಹೇಳಲಿಲ್ಲ. ನೋಟಿಸಿಗೆ ಆಕೆ ಕೊಟ್ಟ ಉತ್ತರ ತಮ್ಮ ಕಡತದಲ್ಲಿದೆ: ‘ಓದಿದ್ದು ನಾನು. ಬರೆದವರ ಹೆಸರು ಹೇಳುವುದು ನನ್ನ ಕೆಲಸವಲ್ಲ.’ ಈ ಎರಡು ಸಾಲಿಗೆ ಆಕೆಯ ಕೆಲಸ ಹೋಗಲಿದೆ.

‘ಯಾಕ ಹೇಳ್ಲಿಲ್ಲ ನೀನು?’ ಅಂದೆ.

‘ನೀವ ಹೇಳ್ತೀರಿ ಅಂತ ಮಾಡಿದ್ದೆ’ ಅಂದಳು. ಚಹಾ ಕುಡಿಯದೆ ಹೋದಳು.

ಮಂಗಳವಾರ ಬೆಳಿಗ್ಗೆ ತಮ್ಮ ಕಚೇರಿಗೆ ಬಂದೆ. ನೋಟಿಸು ಬಂದ ಇಪ್ಪತ್ತೊಂದನೇ ದಿನ. ತಾವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರ ಮುಂದೆ ನನ್ನ ಹೇಳಿಕೆಯನ್ನಿಟ್ಟೆ, ವೇಳಾಪಟ್ಟಿಯ ಹಾಳೆಗಳನ್ನೂ ತೋರಿಸಿದೆ. ಆತ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟ, ಪೂರ್ತಿ ಓದಿದ. ಆಮೇಲೆ ತಗ್ಗಿದ ದನಿಯಲ್ಲಿ, ‘ಯಜಮಾನ್ರ, ಒಂದ್ ಸಲ ಏರಿದ ಹೆಸರು ತಗ್ಯಾಕ ಬರೂದಿಲ್ಲ. ನಿಮ್ಮ ಹೆಸರು ಬೇಕಾದ್ರ ಸೇರಸಬಹುದು’ ಅಂದ.

‘ನಾನು ಸೇರಿದ್ರ ಆಕೀನ ಬಿಡ್ತೀರೇನು?’

‘ಅದೆಂಗಾಕ್ಕೈತ್ರಿ? ಒಬ್ರಿದ್ದದ್ದು ಇಬ್ರಾಗ್ತೀರಿ.’ ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದ, ‘ಮನಿಗಿ ಹೋಗ್ರಿ. ಒಬ್ರ ಇರ್ತೀರಿ ಬ್ಯಾರೆ.’

ನಾನು ಒಬ್ಬನೇ ಇರುವುದು ಅವನಿಗೆ ಹೇಗೆ ಗೊತ್ತು? ಹೇಳಿಕೆಯಲ್ಲಿ ನಾನು ಬರೆದಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಇದನ್ನೇ ಯೋಚಿಸುತ್ತ ಎರಡು ನಿಲ್ದಾಣ ಮುಂದೆ ಹೋಗಿದ್ದೆ, ಬಸ್ಸುಗಳ ನಡುವೆಯೇ ಜೀವ ಸವೆಸಿದ ನಾನು.

ಆದ್ದರಿಂದ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ತಮ್ಮ ಕಡತದಲ್ಲಿ ಸೇರಿಸಲು ಮಾತ್ರ ಬರುತ್ತದೆ ಎಂದಾದರೆ, ಹೊರಗೆ ಹತ್ತು ಜನ ಓದುವಲ್ಲಿ ಇದು ಇರಲಿ. ನನ್ನ ಬೇಡಿಕೆ ಒಂದೇ: ಹೇಮಾಳ ಹೆಸರು ತೆಗೆಯಿರಿ, ನನ್ನ ಹೆಸರು ಬರೆಯಿರಿ. ಸೇರಿಸುವುದಲ್ಲ, ಬದಲಿಸುವುದು. ನನ್ನ ಪಿಂಚಣಿ ತಡೆಯುವುದಿದ್ದರೆ ತಡೆಯಿರಿ. ಕಲ್ಲು ಎಲ್ಲಿದೆ ಎಂದು ಕೇಳಿದರೆ ಕಸ್ತೂರೆಮ್ಮ ಹೇಳಿದ್ದನ್ನೇ ಹೇಳುತ್ತೇನೆ, ಬೇಕಾದರೆ ಬರೆದುಕೊಡುತ್ತೇನೆ, ಸಹಿ ಮಾಡುತ್ತೇನೆ. ಯಲಬುರ್ಗಾದ ಸಭೆ ನನ್ನ ಮನೆಯಲ್ಲೇ ನಡೆಯುತ್ತದೆ. ಎಷ್ಟು ಜನ ಬರುತ್ತಾರೋ ತಿಳಿಯದು. ಬಾಗಿಲು ತೆರೆದೇ ಇರುತ್ತದೆ, ಮನೆಯಲ್ಲಿ ಒಬ್ಬನೇ ಇರುತ್ತೇನೆ, ಇದು ತಮಗೆ ತಿಳಿದ ವಿಷಯ.

ಗುರುವಾರ ಹತ್ತೂವರೆಗೆ ನಾನು ತಮ್ಮ ಕಚೇರಿಯ ಹೊರಗಿನ ಬೆಂಚಿನ ಮೇಲಿರುತ್ತೇನೆ. ಜವಾನ ಬಾಗಿಲಿಗೆ ಬಂದು ‘ಹೇಮಾ’ ಎಂದು ಕೂಗುತ್ತಾನೆ. ಕುಷ್ಟಗಿಯಲ್ಲಿ ಮೂರು ಸಲ ಕೇಳಿದರೂ ಏಳದಿದ್ದವನು ಅಂದು ಮೊದಲ ಕೂಗಿಗೇ ಎದ್ದು ನಿಲ್ಲುತ್ತಾನೆ. ಎದ್ದು ನಿಂತವನನ್ನು ಒಳಗೆ ಕರೆಯಿರಿ. ಆಕೆಯನ್ನು ಮನೆಗೆ ಕಳಿಸಿರಿ.

ಇಂತಿ,
ಇಪ್ಪತ್ತೊಂದು ದಿನ ಒಂದು ಹೆಣ್ಣುಮಗಳ ಹೆಸರಿನ ಹಿಂದೆ ಅಡಗಿ ಕೂತಿದ್ದ
ಗ್ಯಾನಪ್ಪ
ನಿವೃತ್ತ ಬಸ್ ನಿಲ್ದಾಣ ನಿಯಂತ್ರಕ, ಯಲಬುರ್ಗಾ
(ವಿಳಾಸ ತಮ್ಮಲ್ಲಿದೆ)