ಖಾಲಿರಾಯನ ನಾಲ್ಕು ಸಾಲು

ಮಾರ್ಚ್ 3, ಮಂಗಳವಾರ

...‘ಜಾಗ ಇದ್ರೆ ಕೂರ್ಸೋಣ’ ಅಂದಿದ್ದೋ, ‘ಜಾಗ ಮಾಡಿ ಕೂರ್ಸೋಣ’ ಅಂದಿದ್ದೋ. ನಿರ್ದೇಶಕರ ಮಾತು ಸರಿಯಾಗಿ ನೆನಪಾಗುತ್ತಿಲ್ಲ. ಎರಡಕ್ಕೂ ವ್ಯತ್ಯಾಸವಿದೆ. ಬಸ್ಸಿನಲ್ಲಾದರೂ, ಸಿನಿಮಾದಲ್ಲಾದರೂ.

ಐದನೇ ಭಾಗ. ಗೋಡೆಯ ಬೋರ್ಡಿನ ಮೇಲೆ ಏಳು ಸೂಪರ್‌ಹೀರೋಗಳ ಕಾರ್ಡು, ಮೂವರು ವಿಲನ್‌ಗಳದ್ದು, ಮಾತಾಡುವ ಒಂದು ನಾಯಿಯದ್ದು. ಪಿನ್ನು ಚುಚ್ಚಲು ಜಾಗವಿಲ್ಲ. ಇವರ ನಡುವೆ ಈಗ ಖಾಲಿರಾಯ ಬರಬೇಕಂತೆ. ಒಂಬತ್ತು ನಿಮಿಷಕ್ಕೆ.

ಎಲ್ಲರೂ ಅಣ್ಣನ ಕಾಮಿಕ್ಸಿನಿಂದ ಬಂದವರೇ. ಸಿನಿಮಾ ಕಂಪನಿಗೆ ಕೊಡುವಾಗ ಈ ಒಬ್ಬ ವಿಲನ್ನನ್ನು ಮಾತ್ರ ತಡೆದಿಟ್ಟುಕೊಂಡಿದ್ದ. ‘ಅವನು ನನ್ನೊಬ್ಬನವನಲ್ಲ’ ಅಂದಿದ್ದ. ಮತ್ತಿನ್ಯಾರವನು ಅಂತ ಯಾರೂ ಕೇಳಲಿಲ್ಲ. ನಾನೂ.

ಅಣ್ಣ ಹೋಗಿ ಎಂಟು ತಿಂಗಳು. ಅತ್ತಿಗೆ ಒಪ್ಪಿದ್ದಾರೆ. ಇನ್ನು ನನ್ನ ಟಿಪ್ಪಣಿ ಬೇಕು — ಸೇರಿಸಬಹುದು, ಅಥವಾ ಬೇಡ. ಕಥೆ ಎಲ್ಲಿ ಸೋರುತ್ತಿದೆ ಎಂದು ನೋಡುವುದು ಈ ಆಫೀಸಿನಲ್ಲಿ ನನ್ನ ಕೆಲಸ. ಹದಿನಾರನೇ ತಾರೀಕು ಕೊನೆ.

ಮಾರ್ಚ್ 4

ಮೀಟಿಂಗು. ಗೊತ್ತಿಲ್ಲದವರಿಗೆಲ್ಲ ಖಾಲಿರಾಯನನ್ನು ಪರಿಚಯಿಸಿದೆ. ಅವನು ಬಾಯಿ ತೆರೆದರೆ ಮಾತಿನ ಬಲೂನು ಬರುತ್ತದೆ, ಒಳಗೆ ಅಕ್ಷರವಿಲ್ಲ. ಎದುರಿಗಿದ್ದವನು ಅದರಲ್ಲಿ ತಾನು ಕೇಳಬಾರದೆಂದಿದ್ದದ್ದನ್ನೇ ಓದಿಕೊಂಡು ಕುಸಿಯುತ್ತಾನೆ. ಅವನ ಬಲ ಅಷ್ಟೇ.

ಹೊಸದಾಗಿ ಸೇರಿದ ಬರಹಗಾರ್ತಿ ಕೈ ಎತ್ತಿದಳು. “ಮೇಡಂ, ಸೌಂಡ್ ಹೋಯ್ತು ಅಂತ ಥಿಯೇಟರಲ್ಲಿ ಶಿಳ್ಳೆ ಹೊಡೀತಾರೆ.”

ಎಲ್ಲರೂ ನಕ್ಕರು. ನನ್ನ ಮುಖವೂ ನಕ್ಕಿತು. ನಿರ್ದೇಶಕರು ತೀರ್ಮಾನ ಹೇಳಿದರು: ಬಂದರೆ ಮಾತಾಡಿಕೊಂಡೇ ಬರಬೇಕು. ನಾಲ್ಕು ಸಾಲು. ಯಾರಾದರೂ ಬರೆಯುತ್ತಾರೆ.

ಮಾರ್ಚ್ 6

ಬೆಳಿಗ್ಗೆ ಅತ್ತಿಗೆಯ ಫೋನು. ನಾನು ಒಪ್ಪಿದರೆ ಅಣ್ಣನ ಹೆಸರನ್ನು ಶುರುವಿನಲ್ಲೇ ತೋರಿಸುತ್ತಾರಂತೆ.

“ಒಂದ್ಸಲ ಅವ್ರೊಬ್ರ ಹೆಸ್ರೇ ಪರದೆ ತುಂಬ ಬರ್ಲಿ ಕಣೇ. ನಾಲ್ಕು ಸಿನಿಮಾ ಆಯ್ತು. ಕೊನೇಲಿ ಓಡೋ ಅಕ್ಷರದಲ್ಲಿ ಹುಡುಕೋದ್ರೊಳಗೆ ಲೈಟ್ ಹಾಕ್ಬಿಡ್ತಾರೆ. ನೀನು ಬೇಡ ಅಂದ್ರೆ ಬೇಡ. ಆದ್ರೆ ಯಾಕೆ ಅಂತ ಹೇಳ್ಬೇಕು.”

ನೋಡ್ತೀನಿ ಅಂದೆ. ಫೋನಿಟ್ಟು ಶೆಲ್ಫಿನ ಧೂಳು ಒರೆಸಿದೆ. ನಿನ್ನೆಯೂ ಒರೆಸಿದ್ದೆ.

ಮಾರ್ಚ್ 11

ಯಾಕೆ ಅಂತ ಇಲ್ಲಿಯಾದರೂ ಬರೆಯಬಹುದು.

ಇಪ್ಪತ್ತೆಂಟು ವರ್ಷದ ಹಿಂದಿನದು. ಅಣ್ಣ ಚಿತ್ರ ಬರೆದು, ಬಲೂನುಗಳೊಳಗೆ ಮಾತನ್ನು ಪೆನ್ಸಿಲಿನಲ್ಲಿ ಗೀಚಿಡುತ್ತಿದ್ದ. ಅದರ ಮೇಲೆ ನಾನು ಇಂಕಿನಲ್ಲಿ ಬರೆಯಬೇಕು. ಇಂಕು ಒಣಗಿದ ಮೇಲೆ ಪೆನ್ಸಿಲು ಅಳಿಸಬೇಕು. ಅಕ್ಷರ ದುಂಡಗಿತ್ತು ಅಂತ ನನ್ನನ್ನು ‘ದುಂಡಿ’ ಅನ್ನುತ್ತಿದ್ದ. ಆಗ ನಾನು ಕಡ್ಡಿ ಪೈಲ್ವಾನ್.

ಒಂದು ದಿನ ಇಂಕು ಹಾಕುವ ಮೊದಲೇ ಅಳಿಸಿಬಿಟ್ಟೆ. ಕೊನೆಯ ಪುಟದ ಕೊನೆಯ ಬಲೂನು, ಹೊಸ ವಿಲನ್ನನದು. ಇನ್ನೂ ಓದಿರಲೂ ಇಲ್ಲ. ಅತ್ತಿಗೆಗೆ ಹೆರಿಗೆ, ಅಣ್ಣ ಆಸ್ಪತ್ರೆಯಲ್ಲಿ. ಪ್ರೆಸ್ಸಿಗೆ ಐದು ಗಂಟೆಯೊಳಗೆ ತಲುಪಿಸಬೇಕು. ಖಾಲಿಯಾಗಿಯೇ ಕೊಟ್ಟು ಬಂದೆ.

ಮರುವಾರ ಓದುಗರ ಪತ್ರಗಳ ರಾಶಿ. ಒಬ್ಬೊಬ್ಬರೂ ಆ ಬಲೂನಿನಲ್ಲಿ ಒಂದೊಂದು ಓದಿದ್ದರು. ಅಣ್ಣ ಬಹಳ ಹೊತ್ತು ನಕ್ಕ. ‘ಇನ್ಮೇಲೆ ಇವನು ಹೀಗೇ ಇರ್ಲಿ’ ಅಂದ. ಅಲ್ಲಿಯವರೆಗೆ ಹೆಸರಿಲ್ಲದಿದ್ದವನಿಗೆ ಖಾಲಿರಾಯ ಅಂತ ಹೆಸರಿಟ್ಟ. ಓದದೇ ಅಳಿಸಿದ್ದನ್ನು ನಾನು ಹೇಳಲಿಲ್ಲ, ಅವನು ಮೊದಲು ಏನು ಬರೆದಿದ್ದ ಅಂತ ಕೇಳಲೂ ಇಲ್ಲ. ಅವನೂ ಹೇಳಲಿಲ್ಲ. ಆಮೇಲೆ ಕೇಳುವ ಹೊತ್ತು ದಾಟಿತ್ತು.

ಈಗ ಯಾರೋ ನಾಲ್ಕು ಸಾಲು ತುಂಬಿದರೆ ಅವನ ಮಾತನ್ನು ಎರಡನೇ ಸಲ ಅಳಿಸಿದ ಹಾಗೆ.

ಟಿಪ್ಪಣಿ ಬರೆದೆ: ‘ಬೇಡ. ಜಾಗ ಇಲ್ಲ.’ ಕಳಿಸಿಲ್ಲ.

ಮಾರ್ಚ್ 14, ಶನಿವಾರ. ಸಂಜೆ 5

ಅತ್ತಿಗೆಯ ಮನೆಗೆ ಹೋಗಿ ಹೇಳಿದೆ. ಅಳಿಸಿದ್ದು, ಮುಚ್ಚಿಟ್ಟದ್ದು, ಎಲ್ಲ. ಸೆರಗಿನ ಅಂಚು ಸುತ್ತುತ್ತ ಕೇಳಿಸಿಕೊಂಡರು.

“ಇಷ್ಟೇನಾ? ಇದನ್ನೇ ನಿನ್ನ ಭಾರಿ ಐಡಿಯಾ ಅಂತ ಕಂಡವರ ಹತ್ರೆಲ್ಲ ಕೊಚ್ಕೊಂಡ್ರಲ್ಲೇ ನಿಮ್ಮಣ್ಣ.”

ಬೀರುವಿನಿಂದ ಆ ಪುಟ ತಂದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದರು. ಕಿಟಕಿಯ ಹತ್ತಿರ ಹಿಡಿದೆ. ಅಣ್ಣ ಒತ್ತಿ ಬರೆಯುವವನು — ದಿನಕ್ಕೆ ಹತ್ತು ಸಲ ಸೀಸ ಮುರಿಯುತ್ತಿತ್ತು. ಓರೆ ಬಿಸಿಲಿಗೆ ಖಾಲಿ ಬಲೂನಿನೊಳಗೆ ತಗ್ಗುಗಳು ಎದ್ದವು. ಒಂದೊಂದೇ ಅಕ್ಷರ.

ಮೊದಲ ಪದ ‘ದುಂಡಿ’. ಖಾಲಿರಾಯನಿಗೆ ನನ್ನ ಅಡ್ಡಹೆಸರು ಗೊತ್ತಿರಲು ಸಾಧ್ಯವಿಲ್ಲ.

‘ದುಂಡಿ, ಇವನ ಮಾತು ನಿನಗೆ ಬಿಟ್ಟಿದ್ದು.’

ಏನಂತಿದೆ ಅಂದರು ಅತ್ತಿಗೆ. ಓದಿ ಹೇಳಿದೆ.

“ಮತ್ತೆ? ಬಿಟ್ಟಿದ್ದಾರಲ್ಲ, ಬರಿ.”

ಏನೂ ಅನಿಸಲಿಲ್ಲ. ಬೆರಳ ತುದಿಗೆ ಮಾತ್ರ ತಗ್ಗು ಗೊತ್ತಾಗುತ್ತಿತ್ತು. ಚಹಾ ಆರಿತ್ತು. ಕುಡಿದೆ.

ಮಾರ್ಚ್ 16, ಸೋಮವಾರ. ಬೆಳಿಗ್ಗೆ 9.20

‘ಬೇಡ’ ಹೊಡೆದುಹಾಕಿದೆ. ‘ಸೇರಿಸಿ. ಮಾತು ನಾನು ಕೊಡುತ್ತೇನೆ’ ಎಂದು ಬರೆದು ನಿರ್ದೇಶಕರ ಮೇಜಿನ ಮೇಲಿಟ್ಟೆ. ಓದಿ ಹೆಬ್ಬೆರಳೆತ್ತಿದರು. ಹತ್ತಕ್ಕೆ ನಾಲ್ಕೂ ಸಾಲು ಬೇಕಂತೆ.

ನಾಯಿಯ ಕಾರ್ಡನ್ನು ತುಸು ಸರಿಸಿದೆ. ಪಿನ್ನಿಗೆ ಜಾಗವಾಯಿತು.

9.50

ಹಾಳೆಯ ಮೇಲೆ ಒಂದು ಬಲೂನು ಬರೆದಿದ್ದೇನೆ. ಪೆನ್ಸಿಲಿನಲ್ಲೇ. ರಬ್ಬರನ್ನು ಡ್ರಾಯರಿನಲ್ಲಿ ಹಾಕಿಟ್ಟಿದ್ದೇನೆ. ಒಳಗೆ ಇನ್ನೂ ಏನೂ ಇಲ್ಲ.

ಅಣ್ಣಾ, ಆವತ್ತು ನಾನು ಏನು ಬರೀತೀನಿ ಅಂದ್ಕೊಂಡಿದ್ದೆ?