ಬಾಣಂತನಕ್ಕೆ ಬರಬೇಡ ಮಗಳೇ

ಹೊಸಪಾಳ್ಯ, ಶಿಡ್ಲಘಟ್ಟ ತಾಲ್ಲೂಕು
೧೯ ಜೂನ್ ೨೦೦೮

ನನ್ನ ಗೌತಮಿಗೆ, ನಿನ್ನ ಅಮ್ಮ ಮನಸಾರೆ ಹರಸಿ ಬರೆಯುವುದು.

ನಾವು ಇಲ್ಲಿ ಇದ್ದ ಹಾಗೇ ಇದ್ದೇವೆ. ನೀನು, ಅಳಿಯ ಅಂಬರೀಶ್, ನಿನ್ನ ಅತ್ತೆಯವರು ಚೆನ್ನಾಗಿದ್ದೀರಿ ಅಂತ ನಂಬಿದ್ದೇನೆ. ಬುದ್ಧಪೂರ್ಣಿಮೆಯ ಮಾರನೆಯ ದಿನ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ನಿನಗೆ ಎಷ್ಟು ಸಿಟ್ಟು ಬಂದಿರುತ್ತದೆ ಅಂತ ಗೊತ್ತು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವಳು ನೀನು, ನನ್ನ ಮಗಳಲ್ಲವೇ. ಫೋನು ಮಾಡಬಹುದಿತ್ತು. ಆದರೆ ಕೊಂಡಪ್ಪನ ಅಂಗಡಿಯ ಒಂದು ರೂಪಾಯಿ ಫೋನಿನಲ್ಲಿ ಮಾತಾಡುವುದೂ ಒಂದೇ, ಊರಿಗೆಲ್ಲ ಟಾಂಟಾಂ ಹೊಡೆಸುವುದೂ ಒಂದೇ. ಆ ಕಡೆ ನಿನ್ನ ಅತ್ತೆ ಎತ್ತಿಕೊಂಡರೆ ಇನ್ನೂ ಫಜೀತಿ. ಅದಕ್ಕೇ ಈ ಕಾಗದವನ್ನು ಅಂಬರೀಶ್ ಪಾಠ ಮಾಡುವ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಓದಿದ ಮೇಲೆ ಹರಿದುಹಾಕು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಬಾಣಂತನಕ್ಕೆ ಇಲ್ಲಿಗೆ ಬರಬೇಡಮ್ಮ.

ಈ ಒಂದು ಸಾಲು ಬರೆಯುವುದಕ್ಕೇ ಇಷ್ಟು ದಿನ ಹಿಡಿಯಿತು. ಚೊಚ್ಚಲ ಹೆರಿಗೆಗೆ ಮಗಳನ್ನು ಕರೆಸಿಕೊಳ್ಳದ ತಾಯಿಯ ಬಗ್ಗೆ ಜನ ಏನು ಆಡಿಕೊಳ್ಳುತ್ತಾರೆ ಅಂತ ನನಗೆ ಗೊತ್ತಿಲ್ಲದ್ದಲ್ಲ. ಏಳಕ್ಕೆ ಬೀಳುತ್ತಲೇ ಬಂದು ಕರೆದುಕೊಂಡು ಹೋಗುತ್ತೇನೆ ಅಂತ ನಿನ್ನ ಅತ್ತೆಯ ಮುಂದೆ ಬಾಯಿತುಂಬ ಹೇಳಿಬಂದವಳೂ ನಾನೇ. ನಿಮ್ಮಪ್ಪ ರೇಷ್ಮೆ ರೀಲಿಂಗ್ ಕೆಲಸದಿಂದ ಬಂದು, ಕೈಯಲ್ಲಿನ ಗೂಡಿನ ವಾಸನೆ ಹೋಗುವ ಮೊದಲೇ ಸುಣ್ಣದ ಡಬ್ಬ ಹಿಡಿದು ಒಳಕೋಣೆಗೆಲ್ಲ ಬಳಿದು ಮುಗಿಸಿದ್ದಾರೆ. ಜ್ಯೋತಿ ನನ್ನ ಹಳೆಯ ಸೀರೆಗಳನ್ನೆಲ್ಲ ಒಗೆದು ಮೆತ್ತಗೆ ಮಾಡಿ ಮಡಿಸಿಟ್ಟಿದ್ದಾಳೆ. ಎಲ್ಲ ಇದೆ. ನೀರು ಇಲ್ಲ. ನಮ್ಮ ಊರಿನ ನೀರಿನ ಫಿಲ್ಟರ್ ನಿಂತುಹೋಗಿದೆ.

ನೀನು ಮದುವೆಯಾಗಿ ಹೋದಾಗ ಫಿಲ್ಟರ್ ಚೆನ್ನಾಗಿ ನಡೆಯುತ್ತಿತ್ತು, ಅದಕ್ಕೆ ಅದು ಇಲ್ಲದ ಕಾಲ ನಿನಗೆ ಮರೆತಿರಬಹುದು. ನೀನು ತೆರೆದ ಬಾವಿಯ ನೀರು ಕುಡಿದು ಬೆಳೆದವಳು. ನಮ್ಮ ಜ್ಯೋತಿ ಹುಟ್ಟುವ ಹೊತ್ತಿಗೆ ಬಾವಿ ಬತ್ತಿ, ಬೋರು ಬಂದಿತ್ತು. ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ, ಅದು ಮಕ್ಕಳ ಹಲ್ಲನ್ನೂ ಮೂಳೆಯನ್ನೂ ತಿನ್ನುತ್ತದೆ ಅಂತ ಯಾರೋ ಬಂದು ಹೇಳುವಷ್ಟರಲ್ಲಿ ನಿನ್ನ ತಂಗಿಯ ಕಾಲುಗಳು ಮಂಡಿಯ ಹತ್ತಿರ ಒಳಕ್ಕೆ ಬಾಗಿಹೋಗಿದ್ದವು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ನೀವು.

ಆಮೇಲಲ್ಲವೇ ಬೆಂಗಳೂರಿನ ಸಂಸ್ಥೆಯವರು ಹೊರದೇಶದ ದಾನದಲ್ಲಿ ಫಿಲ್ಟರ್ ಮನೆ ಕಟ್ಟಿಸಿಕೊಟ್ಟದ್ದು, ಊರಿನಲ್ಲಿ ನೀರು ಸಮಿತಿ ಆದದ್ದು. ಚೆನ್ನರಾಯಪ್ಪನವರು ಅಧ್ಯಕ್ಷರು, ಏಳನೇ ಕ್ಲಾಸು ಓದಿದ ತಪ್ಪಿಗೆ ನಾನು ಕಾರ್ಯದರ್ಶಿ. ಫಿಲ್ಟರಿನ ಟ್ಯಾಂಕಿನೊಳಗೆ ಫ್ಲೋರೈಡ್ ಹೀರಿಕೊಳ್ಳುವ ಬಿಳಿ ಕಾಳು ತುಂಬಿರುತ್ತಾರೆ. ಸ್ವಲ್ಪ ಕಾಲಕ್ಕೆ ಅದರ ಸತ್ವ ಮುಗಿಯುತ್ತದೆ, ಹೊಸದು ತುಂಬಬೇಕು. ನಾವು ಬಿಂದಿಗೆಗೆ ಇಷ್ಟು ಅಂತ ಎತ್ತುವ ಹಣ ಕರೆಂಟಿಗೂ, ಫಿಲ್ಟರ್ ನೋಡಿಕೊಳ್ಳುವ ಕದಿರಮ್ಮನ ಕೂಲಿಗೂ ಸರಿಹೋಗುತ್ತದೆ. ಕಾಳಿನ ಖರ್ಚು ಮೊದಲಿನಿಂದಲೂ ಸಂಸ್ಥೆಯದೇ.

ಈ ವರ್ಷ ಶಿವರಾತ್ರಿಗೆ ಮುಂಚೆ ಆ ಸಂಸ್ಥೆಯ ಮೇಡಂ, ದುಡ್ಡು ಕೊಡುವ ಕಡೆಯ ಇಬ್ಬರನ್ನು ಕರೆದುಕೊಂಡು ಬರುತ್ತಾರೆ ಅಂತ ಸುದ್ದಿ ಬಂತು. ಊರಿಗೆ ಊರೇ ಎದ್ದು ಕೂತಿತು. ಫಿಲ್ಟರ್ ಮನೆಗೆ ತೋರಣ ಕಟ್ಟಿದೆವು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದ ಮಕ್ಕಳನ್ನೆಲ್ಲ ತಲೆ ಬಾಚಿ ಸಾಲಾಗಿ ನಿಲ್ಲಿಸಿದೆವು. ಹುಟ್ಟಿದಂದಿನಿಂದ ಫಿಲ್ಟರ್ ನೀರೇ ಕುಡಿದ ಮಕ್ಕಳು, ಒಬ್ಬೊಬ್ಬರ ಹಲ್ಲೂ ಬೆಳ್ಳಗೆ. ಆವುಲಪ್ಪನ ಬೆನ್ನು ಬೋರಿನ ನೀರು ಕುಡಿದು ಕುಡಿದು ಮರದ ಕೊರಡಿನ ಹಾಗೆ ಸೆಟೆದುಹೋಗಿರುವುದು ನೀನೇ ನೋಡಿದ್ದೀಯಲ್ಲ, ಅವನನ್ನು ಮಾತ್ರ ಅವನ ಮಗ ಹುಳು ಸಾಕುವ ಮನೆಯೊಳಗೇ ಕೂರಿಸಿದ. ಇದೇಕೆ ಹೀಗೆ ಅಂತ ನಾನು ಚೆನ್ನರಾಯಪ್ಪನವರನ್ನು ಕೇಳಿದೆ.

"ನೆಂಟ್ರು ಮನೆಗ್ ಬಂದ್ರೆ ಹರ್ಕಲು ಚಾಪೆ ಹಾಸ್ತೀವೇನಮ್ಮ? ಅವ್ರ್ ದುಡ್ಡಲ್ಲಿ ಏನ್ ಒಳ್ಳೇದಾಯ್ತು ಅಂತ ತೋರ್ಸೋಣ" ಅಂದರು.

ನನಗೂ ಸರಿ ಅನ್ನಿಸಿತು. ಯಾರಿಗಾದರೂ ಸರಿಯೆಂದೇ ಅನ್ನಿಸುತ್ತಿತ್ತು. ಜ್ಯೋತಿಗೆ ಯಾರೂ ಏನೂ ಹೇಳಲಿಲ್ಲ. ಕ್ಯಾಮೆರಾ ಬರುತ್ತದೆ ಅಂತ ಗೊತ್ತಾಗಿ ಬೆಳಿಗ್ಗೆಯೇ ಹಿಪ್ಪುನೇರಳೆ ತೋಟಕ್ಕೆ ಹೋಗಿಬಿಟ್ಟಿದ್ದಳು. ಬಂದವರಿಗೆ ಮಕ್ಕಳ ಹಲ್ಲು ನೋಡಿ ಸಂತೋಷವೋ ಸಂತೋಷ. ಫೋಟೋ ತೆಗೆದದ್ದೇ ತೆಗೆದದ್ದು. ಎಳನೀರು ಕುಡಿದು, ಕೈಮುಗಿದು ಹೋದರು.

ಯುಗಾದಿ ಕಳೆದ ಮೇಲೆ ಕಾಗದ ಬಂತು. ನಿಮ್ಮ ಊರು ಮಾದರಿ ಗ್ರಾಮ, ಅಭಿನಂದನೆ ಅಂತ ಬರೆದಿದ್ದರು. ಇಲ್ಲಿ ತೊಂದರೆ ನೀಗಿರುವುದನ್ನು ಕಣ್ಣಾರೆ ಕಂಡದ್ದರಿಂದ ಇನ್ನು ಮುಂದೆ ಘಟಕ ಗ್ರಾಮಸ್ಥರದೇ, ಹಣವನ್ನು ತೊಂದರೆ ಇರುವ ಬೇರೆ ಊರುಗಳಿಗೆ ಕೊಡುತ್ತೇವೆ ಅಂತ. ಚೆನ್ನರಾಯಪ್ಪನವರು ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಮೊದಲನೇ ಸಲ ನಗುತ್ತಾ ಕೇಳಿದ್ದರು.

ಕಾಳಿನ ಸತ್ವ ಮುಗಿಯುತ್ತಾ ಬಂದಿತ್ತು. ಚಿಂತಾಮಣಿಯಲ್ಲಿ ನೀರು ಪರೀಕ್ಷೆ ಮಾಡಿಸಿದೆವು. ಫಿಲ್ಟರಿನೊಳಗೆ ಹೋಗುವ ನೀರಿಗೂ ಹೊರಗೆ ಬರುವ ನೀರಿಗೂ ವ್ಯತ್ಯಾಸವೇ ಇಲ್ಲ ಅಂದರು. ಸರ್ಕಾರದ ಕಡೆಯ ಇಂಜಿನಿಯರ್ ಒಬ್ಬರನ್ನು ಹೋಗಿ ಕಂಡೆವು. ಆತ ಕೂರಿಸಿ ಟೀ ಕೊಟ್ಟೇ ಹೇಳಿದರು. "ಹೊಸಾದು ಕಟ್ಟೋಕೆ ಗ್ರಾಂಟ್ ಐತಮ್ಮ, ಇರೋದನ್ನ ನಡ್ಸೋಕೆ ಇಲ್ಲ. ನಿಮ್ಮೂರಲ್ಲಿ ಆಗ್ಲೇ ಒಂದೈತೆ ಅಂತ ರೆಕಾರ್ಡಲ್ಲಿದೆ, ಅದಕ್ಕೆ ಹೊಸಾದೂ ಬರಲ್ಲ." ಹಾಗಾದರೆ ಇರುವುದನ್ನು ಒಡೆದುಹಾಕಿ ಬರಲೇ ಅಂತ ಕೇಳಿದೆ. ಅವರು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ಊರಿನವರೇ ಹಾಕಿಕೊಳ್ಳೋಣ ಅಂತ ಸಭೆಯನ್ನೂ ಕರೆದೆವು. ದೊಡ್ಡ ಬೀದಿಯವರು ಈಗ ಶಿಡ್ಲಘಟ್ಟದಿಂದ ಕ್ಯಾನ್ ನೀರು ತರಿಸುತ್ತಾರೆ. ಅವರ ಪರವಾಗಿ ಮುನಿಶಾಮಪ್ಪ ಎದ್ದು, ತಾವು ಕುಡಿಯದ ನೀರಿಗೆ ಯಾಕೆ ಕೊಡಬೇಕು ಅಂತ ಕೇಳಿ ಕೂತ. ನಮ್ಮ ಬೀದಿಯವರು ಕೊಡುತ್ತೇವೆ ಅಂದರು, ಆದರೆ ಗೂಡಿನ ರೇಟು ಬಿದ್ದು ಕೂಲಿಯೇ ಸರಿಯಾಗಿ ಸಿಗದಿರುವಾಗ ಎಲ್ಲಿಂದ ತಂದಾರು? ಚೆನ್ನರಾಯಪ್ಪನವರು ಹೋದ ವಾರ ಬೆಂಗಳೂರಿಗೆ ಹೋಗಿ ಆ ಮೇಡಂನ ಬೇಡಿಕೊಂಡದ್ದೂ ಆಯಿತು. ಏನೂ ಆಗಲಿಲ್ಲ. ಫಿಲ್ಟರ್ ಮನೆಗೆ ಬೀಗ ಬಿದ್ದಿದೆ. ಕದಿರಮ್ಮ ಈಗ ಇಟ್ಟಿಗೆ ಗೂಡಿಗೆ ಕೂಲಿಗೆ ಹೋಗುತ್ತಾಳೆ. ಊರೆಲ್ಲ ಮತ್ತೆ ಬೋರಿನ ನೀರೇ ಕುಡಿಯುತ್ತಿದೆ, ಆ ಬಿಳಿ ಹಲ್ಲಿನ ಮಕ್ಕಳೂ.

ನಮಗೂ ಕ್ಯಾನ್ ತರಿಸಿದರಾಯಿತಲ್ಲ ಅಂತ ನೀನು ಅನ್ನುತ್ತೀಯ. ನಿಮ್ಮಪ್ಪನೂ ಅದನ್ನೇ ಅಂದರು. ನಿನ್ನೊಬ್ಬಳಿಗೆ ಹೇಗೋ ತರಿಸಬಹುದು. ಆದರೆ ಒಂದೇ ಮನೆಯಲ್ಲಿ ನಿನಗೆ ಕ್ಯಾನ್ ನೀರು ಬಗ್ಗಿಸಿ ಕೊಟ್ಟು, ಜ್ಯೋತಿಗೆ ಬೋರಿನ ನೀರು ಕೊಡಲೇ? ಯಾವ ಕೈಯಲ್ಲಿ ಕೊಡಲಿ? ಇಬ್ಬರಿಗೂ ತರಿಸುವ ಶಕ್ತಿ ನಮಗಿಲ್ಲ. ಎದೆಹಾಲು ಕುಡಿಯುವ ಕೂಸಿಗೆ ಏನೂ ಆಗುವುದಿಲ್ಲ ಅಂತ ನರ್ಸಮ್ಮ ಹೇಳುತ್ತಾರೆ. ಇರಬಹುದು. ಆದರೆ ನೀನು ಇಲ್ಲಿ ಐದು ತಿಂಗಳು ಇರುವವಳು. ಹಾಲು ಸಾಲದೆ ಮಗು ಅತ್ತರೆ ಒಂದು ಚಮಚ ನೀರು ಬಾಯಿಗೆ ಬಿಡದ ಅಜ್ಜಿ ಯಾವಳಿದ್ದಾಳೆ? ನನ್ನ ಕೈಯನ್ನೇ ನಾನು ನಂಬಲಾರೆ. ಇನ್ನೊಂದು ಮಗುವಿನ ಕಾಲು ಹಾಗಾಗುವುದನ್ನು ನಾನು ನೋಡಲಾರೆ ಕಣೇ.

ಹರಿಹರದಲ್ಲಿ ನಿಮಗೆ ಹೊಳೆ ನೀರು ನಲ್ಲಿಯಲ್ಲೇ ಬರುತ್ತದೆ. ಅಲ್ಲೇ ಹೆರಿಗೆಯಾಗಲಿ. ಡಾಕ್ಟರು ದೂರದ ಪ್ರಯಾಣ ಬೇಡ ಅಂದಿದ್ದಾರೆ ಅಂತ ಅತ್ತೆಗೆ ಹೇಳು. ನಂಬದಿದ್ದರೆ ನನ್ನನ್ನೇ ಬೈಯಲಿ, ನಿನ್ನ ತಾಯಿ ಖರ್ಚಿಗೆ ಹೆದರಿದಳು ಅನ್ನಲಿ. ನೀನು ಎದುರು ಮಾತಾಡಬೇಡ, ಆ ಸಿಟ್ಟನ್ನು ಸ್ವಲ್ಪ ದಿನ ಗಂಟುಕಟ್ಟಿಡು. ಹೆರಿಗೆಯ ಹೊತ್ತಿಗೆ ನಾನೇ ಬರುತ್ತೇನೆ. ಬೀಗರ ಮನೆಯಲ್ಲಿ ಕೂತು ಉಣ್ಣುವುದು ಚೆಂದವಲ್ಲ, ಆದರೂ ಬರುತ್ತೇನೆ. ಖಾರದ ಪುಡಿ, ಬಾಣಂತಿ ಲೇಹ್ಯ ಎಲ್ಲ ಮಾಡಿಕೊಂಡು ತರುತ್ತೇನೆ. ರಾಗಿ ಹಿಟ್ಟು ಮಾತ್ರ ಇಲ್ಲಿಯದೇ ಆಗಬೇಕು ನಿನಗೆ, ಗೊತ್ತಿದೆ.

ಹೊತ್ತು ಹೊತ್ತಿಗೆ ಊಟ ಮಾಡು. ಭಾರ ಎತ್ತಬೇಡ. ತಾಯಿ ಮಗು ಎರಡು ಜೀವವೂ ಸುಖವಾಗಿ ಬೇರೆಯಾಗಲಿ, ನಿನ್ನ ಮಗು ಊರೆಲ್ಲ ಓಡಿ ನಿನ್ನನ್ನು ಸುಸ್ತು ಮಾಡಲಿ ಅಂತ ಹರಸುತ್ತೇನೆ.

ನಿನ್ನ ಅಮ್ಮ,
ಆಂಜಿನಮ್ಮ

ವಿ.ಸೂ.: ಕವರು ಅಂಟಿಸುವುದಕ್ಕೆ ಕೂತವಳು ಮತ್ತೆ ಪೆನ್ನು ಹಿಡಿದೆ. ಚೆನ್ನರಾಯಪ್ಪ ಒಬ್ಬರೇ ಬೆಂಗಳೂರಿಗೆ ಹೋದ ಹಾಗೆ ಮೇಲೆ ಬರೆದೆ. ಹಾಗಲ್ಲ. ನಾನೂ ಹೋಗಿದ್ದೆ, ಜ್ಯೋತಿಯೂ ಬಂದಿದ್ದಳು. ನಮ್ಮ ಹುಡುಗಿಯನ್ನು ಒಂದು ಸಲ ಕಣ್ಣಾರೆ ಕಂಡರೆ ಮೇಡಂ ಮನಸ್ಸು ಕರಗಬಹುದು ಅಂತ ಚೆನ್ನರಾಯಪ್ಪನವರು ಮನೆಗೆ ಬಂದು ತಲೆತಗ್ಗಿಸಿಕೊಂಡು ಕೇಳಿದ್ದರು. ನಾನು ಬಾಯಿಗೆ ಬಂದ ಹಾಗೆ ಬೈದೆ. ಒಳಗಿದ್ದ ಜ್ಯೋತಿ ತಾನಾಗಿಯೇ ಹೊರಗೆ ಬಂದು, "ನಾನ್ ಬರ್ತೀನಿ ತಾತ. ಅಕ್ಕನ್ ಮಗು ಬರೋ ಹೊತ್ಗೆ ಫಿಲ್ಟರ್ ಓಡ್ಬೇಕಲ್ಲ" ಅಂದಳು. ಅಲ್ಲಿ ಆ ಮೇಡಂ ಬಹಳ ಮೆತ್ತಗೆ, ಬಾಗಿಲತನಕ ನಡೆದು ವಾಪಸ್ ಬಾಮ್ಮ ಅಂದರು. ಮೇಜಿನ ಸುತ್ತ ಕೂತವರೆಲ್ಲ ನೋಡುತ್ತಿದ್ದರು. ಇವಳು ನಡೆದಳು. ಆಮೇಲೆ ಮೇಡಂ, ಇದು ಫಿಲ್ಟರ್ ಬರುವ ಮುಂಚಿನ ಕೇಸು, ಇದನ್ನು ತೋರಿಸಿ ಈಗ ಹಣ ಕೇಳಲು ಬರುವುದಿಲ್ಲ ಅಂದರು. ಬಿಸ್ಕತ್ತಿನ ಪೊಟ್ಟಣ ಕೊಟ್ಟರು.

ವಾಪಸ್ ಬರುವಾಗ ಬಸ್ಸು ದೇವನಹಳ್ಳಿ ದಾಟಿತ್ತು. ಜ್ಯೋತಿ ಕಿಟಕಿಯ ಕಡೆಯೇ ಮುಖ ಇಟ್ಟುಕೊಂಡು ಹೇಳಿದಳು: "ನಂದೇ ತಪ್ಪಾಯ್ತಮ್ಮ. ಅಷ್ಟ್ ಜನ ನೋಡ್ತಾ ಇದ್ರಲ್ಲ, ನಾಚ್ಕೆ ಆಗ್ಬಿಡ್ತು. ಆದಷ್ಟೂ ನೆಟ್ಟಗೆ ನಡೆದ್ಬಿಟ್ಟೆ."

ನೀನು ಬರುವುದಿಲ್ಲ ಅಂತ ಅವಳಿಗೆ ಇನ್ನೂ ಹೇಳಿಲ್ಲ. ನನ್ನಿಂದ ಹೇಳಲಾಗುವುದಿಲ್ಲ, ಹೇಳಿದರೆ ಅದೂ ತಾನು ಅಲ್ಲಿ ನೆಟ್ಟಗೆ ನಡೆದದ್ದರಿಂದಲೇ ಅಂದುಕೊಳ್ಳುತ್ತಾಳೆ. ಅತ್ತೆ ಕಳಿಸಲು ಒಪ್ಪಲಿಲ್ಲ ಅಂತ ನೀನೇ ಅವಳ ಹೆಸರಿಗೆ ಒಂದು ಕಾಗದ ಬರೆದುಬಿಡು. ಅವಳು ನಂಬುವ ಹಾಗೆ ಬರೆಯಮ್ಮ.