ಬೆಳ್ಳಗೇ ಒಣಗಿದ ಬೆಡ್‌ಶೀಟು

ಅಕ್ಕಾ,

ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಉಬ್ಬಸ ಬಂದಿಲ್ಲ. ಕಾಲುಚೀಲದೊಳಗೆ ನೀನು ಸುತ್ತಿಟ್ಟ ಇನ್ಹೇಲರನ್ನು ಬಂದ ದಿನ ಎರಡು ಸಲ ಎಳೆದೆ, ಆಮೇಲೆ ಮುಟ್ಟಿಲ್ಲ. ಡಾಕ್ಟರು ನಿನ್ನೆ ಉಸಿರು ಅಳೆಯುವ ಕೊಳವೆ ಊದಿಸಿ ನೋಡಿ, ಓಡಬಹುದು ಎಂದರು. ಭಾವನಿಗೂ ಹೇಳು.

ನಮ್ಮನ್ನು ಇಳಿಸಿರುವ ಈ ಹಾಸ್ಟೆಲಿನಲ್ಲಿ ಬೆಳಗಾದರೆ ಓಟಗಾರರೆಲ್ಲ ಗೇಟಿನ ಹತ್ತಿರ ಗಾಳಿ ಅಳೆಯುವ ಯಂತ್ರದ ಅಂಕಿ ನೋಡಲು ಮುಗಿಬೀಳುತ್ತಾರೆ. ನಾನು ಮಾತ್ರ ಮಹಡಿ ಹತ್ತುತ್ತೇನೆ. ನಮ್ಮ ಬಟ್ಟೆ ಒಗೆಯುವ ಅಜ್ಜಿ ಅಲ್ಲಿ ಬೆಡ್‌ಶೀಟು ಒಣಹಾಕುತ್ತಾರೆ. ಹೋದ ವಾರ ಹಗ್ಗದ ಮೇಲಿದ್ದ ಹಾಗೇ ಮಸಿ ಕೂತು, ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದರು. ನಮ್ಮ ಮ್ಯಾರಥಾನಿಗೆಂದು ಕಾರ್ಖಾನೆ, ಲಾರಿ ಎಲ್ಲ ನಿಲ್ಲಿಸಿ ಐದು ದಿನವಾಯಿತು. ಇವತ್ತು ಒಣಗಿದ ಶೀಟೊಂದನ್ನು ತಂದು ನನ್ನ ಮೂಗಿಗೇ ಹಿಡಿದರು.

"ನೋಡೇ, ಹಾಲಿನ ಹಾಗಿದೆ! ನನ್ನ ಮೊಮ್ಮಗಳೂ ಎರಡು ದಿನದಿಂದ ಕೆಮ್ಮಿಲ್ಲ. ಐದು ದಿನ ನಿಲ್ಸೋಕಾದೋರಿಗೆ ಆರನೇ ದಿನ ಏನ್ ಬಂತಂತೆ ಕಷ್ಟ?"

ನಾನು ಮೆಟ್ಟಿಲು ಇಳಿಯುವಾಗ ಮೇಲಿಂದ ಕೂಗಿದರು, "ನಿಮ್ಮ ಓಟ ಮುಗಿದ ತಕ್ಷಣ ಎಲ್ಲಾ ಶುರು ಮಾಡ್ತಾರಂತೆ. ನಾಳೆ ಸ್ವಲ್ಪ ನಿಧಾನಕ್ಕೇ ಓಡು ತಾಯಿ!"

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆದರೆ ಆ ಮಾತೊಂದನ್ನು ಕೇಳುವುದಿಲ್ಲ. ಮೊದಲು ಬಂದವರ ಬಾಯಿಗೆ ಇಲ್ಲಿ ಮೈಕು ಹಿಡಿಯುತ್ತಾರೆ ಅಕ್ಕಾ. ಅಜ್ಜಿಯ ಆ ಶೀಟನ್ನು ಕೇಳಿ ಇಸಿದುಕೊಂಡಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು, ಇವತ್ತೇ ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಟೀವಿ ಹಾಕು.

ನಿನ್ನ ತಂಗಿ